ಮರಿ ಕಾಯುವ ಮೀನು

"ಗುರುಗಳೇ, ನಮ್ಮನ್ನು ಸಾಕುವುದಕ್ಕಾಗಿ ತಪ್ಪು ಮಾಡಿದವರ ಮುಖ ನೋಡಬಹುದೇ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನು ಮಠದ ಹೆಬ್ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಬಾಗಿಲ ಹೊರಗೆ ಅವನ ತಂದೆ ಕಾಯುತ್ತಿದ್ದರು. ಹಿಂದೊಮ್ಮೆ ಕಾಲುವೆಯಲ್ಲಿ ನೀರು ಕಡಿಮೆಯಾದ ವರ್ಷ ಈ ತಂದೆ ಪಕ್ಕದವನ ಪಾಲಿನ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದರು. ಇವರ ಮನೆಯಲ್ಲಿ ಅನ್ನ ಬೆಂದಿತು, ಪಕ್ಕದವನು ಊರು ಬಿಟ್ಟ. ಅದು ತಿಳಿದ ದಿನವೇ ಮಗ ಮನೆ ಬಿಟ್ಟು ಮಠ ಸೇರಿದ. ಅಂದಿನಿಂದ ತಂದೆ ಪ್ರತಿ ಅಮಾವಾಸ್ಯೆಗೂ ಬಂದು, ಸಂಜೆಯ ತನಕ ಬಾಗಿಲಲ್ಲಿ ಕೂತು ಹೋಗುತ್ತಿದ್ದರು. ಮಗ ಒಮ್ಮೆಯೂ ಎದುರಿಗೆ ಹೋಗಿರಲಿಲ್ಲ. ಈ ಸಲ ತಂದೆ ಕೋಲೂರಿಕೊಂಡು ಬಂದಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದು ಕೆರೆಯ ದಡದಲ್ಲಿ ಹನ್ನೆರಡು ಮನೆಯ ಹಟ್ಟಿಯಿತ್ತು. ಅಲ್ಲಿ ಒಬ್ಬ ಮೀನುಗಾರನಿದ್ದ. ಬಲೆ ಬೀಸುವವನಲ್ಲ, ಗಾಳ ಹಾಕುವವನು. ಆ ಕೆರೆಯ ತುಂಬ ತಾವರೆ ಬಳ್ಳಿ, ಮುಳುಗಿದ ಮರದ ಬೊಡ್ಡೆಗಳು. ಬಲೆ ಬಿಟ್ಟರೆ ಮೀನು ಬರುವುದಿರಲಿ, ಬಲೆಯೇ ವಾಪಸು ಬರುತ್ತಿರಲಿಲ್ಲ. ಹಾಗಾಗಿ ಹಟ್ಟಿಯವರೆಲ್ಲ ಗಾಳವನ್ನೇ ನಂಬಿದ್ದರು. ಅವರಲ್ಲಿ ಇವನದು ಎತ್ತಿದ ಕೈ. ಮೋಡವಿದ್ದರೆ ಯಾವ ಎರೆ, ಬಿಸಿಲಿದ್ದರೆ ಯಾವ ಎರೆ, ತಿಳಿನೀರಿಗೆ ಎಷ್ಟೆಳೆಯ ದಾರ, ಬಗ್ಗಡಕ್ಕೆ ಎಷ್ಟೆಳೆ, ಎಲ್ಲ ಅವನಿಗೆ ಕರತಲಾಮಲಕ. ಅವನಿಗೆ ಅದರ ಜಂಬವೂ ಸ್ವಲ್ಪ ಇತ್ತು. ಇದ್ದದ್ದನ್ನು ಮುಚ್ಚಿಡುವುದೇಕೆ?

ಅವನ ಹೆಂಡತಿ ಹೆತ್ತು ಎಂಟು ದಿನವಾಗಿತ್ತು. ಹೆತ್ತ ಮೂರನೆಯ ದಿನ ಅವಳಿಗೆ ಜ್ವರ ಬಂತು. ಜ್ವರ ಇಳಿಯುವ ಹೊತ್ತಿಗೆ ಎದೆಯ ಹಾಲು ಬತ್ತಿತ್ತು. ಹಟ್ಟಿಯಲ್ಲಿ ಹಾಲೂಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಮೇಕೆಯ ಹಾಲು ಕೊಟ್ಟರೆ ಮಗು ಕಕ್ಕುತ್ತಿತ್ತು. ಮೊದಲೆರಡು ದಿನ ಅದು ಹಟ್ಟಿಗೆಲ್ಲ ಕೇಳುವಂತೆ ಅತ್ತಿತು. ಆಮೇಲೆ ಪಕ್ಕದ ಮನೆಗೆ ಮಾತ್ರ ಕೇಳುತ್ತಿತ್ತು. ಈಗ ಪಕ್ಕದಲ್ಲಿ ಮಲಗಿದ ತಾಯಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಸೂಲಗಿತ್ತಿ ಅಜ್ಜಿ ಮಗುವಿನ ಹೊಟ್ಟೆ ಮುಟ್ಟಿ ನೋಡಿ, ಅವನನ್ನು ಹೊರಗೆ ಕರೆದಳು.

"ನೋಡು ಮಗ, ಬತ್ತಿದ ಎದೆಗೆ ಕುಚ್ಚಿನ ಮೀನಿನ ಸಾರೇ ಮದ್ದು. ನಾಳೆ ಹೊತ್ತು ಮುಳುಗೋದ್ರೊಳಗೆ ತಂದ್ರೆ ಸರಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

"ಈ ತಿಂಗಳಲ್ಲಾ, ಅಜ್ಜಿ?"

"ತಿಂಗಳು ನೋಡ್ಕೊಂಡು ಮಗುಗೆ ಹಸಿವಾಗಲ್ಲ ಕಣೋ."

ಅವನು ತಿಂಗಳ ಮಾತು ಎತ್ತಿದ್ದಕ್ಕೆ ಕಾರಣವಿತ್ತು. ಕುಚ್ಚಿನ ಮೀನೆಂದರೆ ಹಾವಿನ ತಲೆಯಂಥ ತಲೆಯಿರುವ ದೊಡ್ಡ ಮೀನು. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅದು ಮರಿ ಮಾಡುತ್ತದೆ. ಮರಿಗಳು ಬೆಳೆದು ಚದುರುವ ತನಕ ಅವುಗಳ ಕೆಳಗೇ ನಿಂತು ಕಾಯುತ್ತದೆ. ಎದುರಿಗೆ ಏನು ಬಂದರೂ ತಿನ್ನುವುದಿಲ್ಲ. ಹಾಗೆ ಕಾಯುವುದು ತಾಯಿಯಲ್ಲ, ತಂದೆ ಎಂದು ಹಟ್ಟಿಯ ಹಿರಿಯರು ಹೇಳುತ್ತಿದ್ದರು. ಮರಿ ಕಂಡವನು ಅಲ್ಲೇ ದಡದ ಮೇಲೆ ಲಕ್ಕಿ ಗಿಡದ ಒಂದು ಕೋಲು ನೆಡಬೇಕು. ಕೋಲಿರುವ ಕಡೆ ಯಾರೂ ಗಾಳ ಬೀಸುವ ಹಾಗಿಲ್ಲ. ಆ ಕಟ್ಟಳೆಗೆ ಕಾವಲಿರಲಿಲ್ಲ, ದಂಡವಿರಲಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಿದ ದಿನವೂ ಹಟ್ಟಿಯವರು ಆ ಕೋಲನ್ನು ದಾಟಿರಲಿಲ್ಲ.

ಮರುದಿನ ಬೆಳಕು ಹರಿಯುವುದರೊಳಗೆ ಅವನು ಕೆರೆಯ ದಡದಲ್ಲಿದ್ದ. ಇಷ್ಟು ದೊಡ್ಡ ಕೆರೆಯಲ್ಲಿ ಮರಿ ಮಾಡದ ಕುಚ್ಚಿನ ಮೀನು ಒಂದಾದರೂ ಇರಲೇಬೇಕು ಎಂಬುದು ಅವನ ಲೆಕ್ಕ. ಮೊದಲು ತೆಳು ದಾರಕ್ಕೆ ಎರೆಹುಳು ಕಟ್ಟಿದ. ಬೆರಳುದ್ದದ ಮೀನುಗಳು ಬಂದು ಹುಳುವನ್ನು ಕಿತ್ತು ತಿಂದು ಹೋದವು. ಜೀವಂತ ಕಪ್ಪೆಯನ್ನು ಸಿಕ್ಕಿಸಿ ತಾವರೆ ಎಲೆಗಳ ಅಂಚಿನಲ್ಲಿ ಬಿಟ್ಟ. ಕಪ್ಪೆ ಈಜಿ ಈಜಿ ಸುಸ್ತಾಗಿ ಸುಮ್ಮನಾಯಿತು. ಕಪ್ಪೆ ತೆಗೆದು, ಎಳೆದರೆ ಮಿಂಚುವ ಹಿತ್ತಾಳೆಯ ತಗಡು ಕಟ್ಟಿದ. ಬೇಗ ಎಳೆದ. ಮೆಲ್ಲಗೆ ಎಳೆದ. ಎಳೆದು ನಿಲ್ಲಿಸಿದ, ನಿಲ್ಲಿಸಿ ಎಳೆದ. ದಾರ ಕಣ್ಣಿಗೆ ಬೀಳುತ್ತಿದೆಯೇನೋ ಎಂದು ಇನ್ನೂ ತೆಳುವಾದ ದಾರಕ್ಕೆ ಬದಲಾಯಿಸಿದ. ಕೆರೆಯ ಮೂರು ದಡ ಮುಗಿಯಿತು. ಅವನಿಗೆ ಗೊತ್ತಿದ್ದ ವಿದ್ಯೆಯೂ ಮುಗಿಯಿತು.

ನಡುಹಗಲಿನಲ್ಲಿ ಒಮ್ಮೆ ಮನೆಯ ಕಡೆ ಓಡಿದ. ಹೊಸಿಲಿನ ಹೊರಗೇ ನಿಂತು ಇಣುಕಿದ. ಮಗುವಿನ ಕಣ್ಣು ತೆರೆದಿತ್ತು, ಬಾಯಿಯೂ ತೆರೆದಿತ್ತು, ದನಿ ಮಾತ್ರ ಇರಲಿಲ್ಲ. ಹೆಂಡತಿ ಇವನ ಬರಿಗೈ ನೋಡಿ ಗೋಡೆಯ ಕಡೆ ತಿರುಗಿದಳು. ಅವನು ಒಳಗೆ ಕಾಲಿಡದೆ ಹಿಂದಿರುಗಿದ.

ಈ ಸಲ ಅವನ ಕಾಲು ತಾನಾಗಿ ನಾಲ್ಕನೆಯ ದಡಕ್ಕೆ ನಡೆಯಿತು. ಅಲ್ಲಿ ಲಕ್ಕಿಯ ಕೋಲಿತ್ತು. ನೆಟ್ಟವನು ಅವನೇ. ಮಗು ಹುಟ್ಟಿದ ದಿನ ಖುಷಿ ತಡೆಯಲಾರದೆ ಕೆರೆಯ ಸುತ್ತ ತಿರುಗುತ್ತಿದ್ದಾಗ ಅಲ್ಲಿ ಮರಿಗಳು ಕಂಡಿದ್ದವು. "ನಿನಗೂ ಆದ್ವಾ?" ಎಂದು ಮೀನನ್ನು ಮಾತಾಡಿಸಿ, ನಕ್ಕು, ಕೋಲು ನೆಟ್ಟು ಹೋಗಿದ್ದ.

ಮರಿಗಳು ಈಗಲೂ ಅಲ್ಲೇ ಇದ್ದವು. ಎರಡು ತಾವರೆ ಎಲೆಗಳ ನಡುವೆ ಸಾವಿರಾರು ಕೆಂಪು ಮರಿಗಳು ಉಸಿರಿಗಾಗಿ ಮೇಲೆ ಬಂದು ಹೋಗುತ್ತಿದ್ದವು. ನೀರು ಎಸರಿನ ಹಾಗೆ ಕುದಿಯುತ್ತಿತ್ತು. ಅದರ ಕೆಳಗೆ ಒಂದು ಕಪ್ಪು ನೆರಳು ಅಲುಗದೆ ನಿಂತಿತ್ತು.

ಅವನು ಚೀಲದ ತಳದಿಂದ ಬೆಂಡಿನ ಕಪ್ಪೆಯನ್ನು ತೆಗೆದ. ಬೆಂಡನ್ನು ಕೆತ್ತಿ, ಮೇಲೆ ಹಳೆಯ ಬಟ್ಟೆ ಸುತ್ತಿ, ಎಣ್ಣೆಮಸಿ ಬಳಿದು, ಹೊಟ್ಟೆಯಲ್ಲಿ ಗಾಳ ಅಡಗಿಸಿ ಮಾಡಿದ ಕಪ್ಪೆ ಅದು. ತೆಳು ದಾರವನ್ನು ಬಿಚ್ಚಿ ಮೂರೆಳೆಯ ದಪ್ಪ ದಾರ ಕಟ್ಟಿದ. ತೆಳು ದಾರ ಬೇಕಾಗುವುದು ಹಸಿದ ಮೀನಿಗೆ. ಹಸಿದದ್ದು ನೋಡಿ ನೋಡಿ ತಿನ್ನುತ್ತದೆ. ಸಿಟ್ಟಿಗೆದ್ದ ಮೀನು ದಾರವನ್ನು ನೋಡುವುದಿಲ್ಲ. ಮರಿಗಳ ನಡುವೆ ಏನು ಬಿದ್ದರೂ ಹೊಡೆಯುತ್ತದೆ. ಹಟ್ಟಿಯ ಪ್ರತಿಯೊಬ್ಬನಿಗೂ ಇದು ಗೊತ್ತಿತ್ತು. ಗೊತ್ತಿದ್ದರಿಂದಲೇ ಆ ಕೋಲು ಬೇಕಾಗಿತ್ತು.

ಕೋಲನ್ನು ಕೀಳಲು ಕೈ ಚಾಚಿದ. ಕೈ ಬರಲಿಲ್ಲ. ಅದನ್ನು ಇದ್ದ ಹಾಗೇ ಬಿಟ್ಟು, ಅದಕ್ಕೆ ಬೆನ್ನು ತಿರುಗಿಸಿ ನೀರಿಗಿಳಿದ.

ಮೊದಲ ಸಲ ಕಪ್ಪೆಯನ್ನು ಮರಿಗಳ ಆಚೆಗೆ ಬೀಸಿ, ಅವುಗಳ ಮೇಲೆ ಎಳೆದ. ಮರಿಗಳೆಲ್ಲ ಒಟ್ಟಿಗೆ ಮುಳುಗಿದವು. ನೆರಳು ಮೇಲೆ ಬಂತು. ಕಪ್ಪೆಯನ್ನು ಮೂತಿಯಿಂದ ದೂಡಿ ಕೆಳಗೆ ಹೋಯಿತು. ಎರಡನೆಯ ಸಲ ಮೀನು ಕಪ್ಪೆಯನ್ನು ತುಟಿಯಂಚಿನಲ್ಲಿ ಹಿಡಿದು, ಎರಡು ಮಾರು ದೂರ ಒಯ್ದು ಉಗುಳಿ ಬಂತು. ಬೇಡ ಹೋಗು ಎಂದ ಹಾಗಿತ್ತು. ಇನ್ನೊಂದು ಸಲ ಹೀಗೇ ಉಗುಳಿಬಿಡು, ನಾನು ಮನೆಗೆ ಹೋಗುತ್ತೇನೆ ಎಂದು ಅವನ ಒಂದು ಮನಸ್ಸು ಬೇಡುತ್ತಿತ್ತು. ಕಚ್ಚು, ಕಚ್ಚು ಎಂದು ಇನ್ನೊಂದು ಬೇಡುತ್ತಿತ್ತು.

ಮೂರನೆಯ ಸಲ ಕಪ್ಪೆಯನ್ನು ಮರಿಗಳ ನಟ್ಟನಡುವೆ ಬೀಳಿಸಿದ. ಎಳೆಯಲಿಲ್ಲ. ಗಾಳದ ಕೋಲಿನ ತುದಿಯಿಂದ ಎರಡು ಸಲ ಮಿಸುಕಿಸಿದ, ಅಷ್ಟೆ. ನೀರು ಒಡೆಯಿತು. ಕಪ್ಪೆ ಕಾಣದಾಯಿತು. ಹೊಸಬನಾಗಿದ್ದರೆ ಆಗಲೇ ಎಳೆದು ಕಳೆದುಕೊಳ್ಳುತ್ತಿದ್ದ. ಮೀನು ಬಾಯಿ ಮುಚ್ಚಿ ತಿರುಗುವ ತನಕ ತಡೆಯಬೇಕು. ಅವನು ಉಸಿರು ಕಟ್ಟಿ ತಡೆದ. ದಾರ ಪಕ್ಕಕ್ಕೆ ಸರಿದದ್ದನ್ನು ಕಂಡ ಮೇಲೆ ಎಳೆದ.

ಬೇರೆ ಮೀನಾಗಿದ್ದರೆ ಬೊಡ್ಡೆಗಳ ಸಂದಿಗೆ ನುಗ್ಗಿ, ಮೂರೆಳೆಯಲ್ಲ ಆರೆಳೆಯ ದಾರವಿದ್ದರೂ ಕಡಿದುಕೊಂಡು ಹೋಗುತ್ತಿತ್ತು. ಬೊಡ್ಡೆ ಹತ್ತಿರವೇ ಇತ್ತು. ಈ ಮೀನು ಆ ಕಡೆ ಹೋಗಲೇ ಇಲ್ಲ. ಬಿಟ್ಟಷ್ಟು ದಾರದಲ್ಲಿ ಸುತ್ತಿ ಸುತ್ತಿ ಮರಿಗಳಿದ್ದ ಜಾಗಕ್ಕೇ ಬಂತು. ಅದರಿಂದಲೇ ಅವನಿಗೆ ಸಿಕ್ಕಿತು. ಅಷ್ಟು ದೊಡ್ಡ ಮೀನು ಅಷ್ಟು ಸುಲಭವಾಗಿ ಅವನ ಕೈಗೆ ಎಂದೂ ಬಂದಿರಲಿಲ್ಲ.

ಮೀನನ್ನು ತಂದಿದ್ದ ಮಡಕೆಗೆ ಹಾಕಿ ಮೇಲೆ ಗೋಣಿ ಮುಚ್ಚಿದ. ಅಷ್ಟರಲ್ಲಿ ಮರಿಗಳು ಮೇಲೆ ಬಂದವು. ಒಂದು ಸುತ್ತು ಹಾಕಿದವು. ಇನ್ನೊಂದು ಸುತ್ತು ಹಾಕಿದವು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನ ಕಾಲಿನ ಹತ್ತಿರಕ್ಕೇ ಬಂದವು.

ಒಂದು ನೀರುಕಾಗೆ ಬಂದು ಮುಳುಗಿತು. ಅವನು ಮಣ್ಣಿನ ಹೆಂಟೆ ಎಸೆದ. ಇನ್ನೆರಡು ಬಂದವು. ಆಮೇಲೆ ಎಣಿಸುವ ಹಾಗಿರಲಿಲ್ಲ. ಕೆಳಗಿನಿಂದ ಬೇರೆ ಮೀನುಗಳೂ ಬಂದವು, ನೀರು ಅಲ್ಲಲ್ಲಿ ಚಿಮ್ಮತೊಡಗಿತು. ಅವನು ಸೊಂಟದ ತನಕ ನೀರಿಗೆ ನುಗ್ಗಿ ಗಾಳದ ಕೋಲಿನಿಂದ ಬಡಿದ, ಹೋ ಎಂದು ಕೂಗಿದ, ಕೈ ಬೀಸಿದ. ಈ ಕಡೆ ಓಡಿಸಿದರೆ ಆ ಕಡೆಯಿಂದ ಬಂದವು. ಒಂದು ಮೀನು ಹಗಲೂ ರಾತ್ರಿ ಮಾಡುತ್ತಿದ್ದ ಕೆಲಸವನ್ನು ಅವನಿಂದ ಅರ್ಧ ಗಳಿಗೆ ಮಾಡಲಾಗಲಿಲ್ಲ. ಅವನು ಅಳುತ್ತಿದ್ದ. ತಲೆಯೆತ್ತಿ ನೋಡಿದರೆ ಹೊತ್ತು ಮರದ ತುದಿಗೆ ಇಳಿದಿತ್ತು. ಮಡಕೆಯನ್ನು ಎತ್ತಿಕೊಂಡು ಓಡಿದ, ಹಿಂದೆ ತಿರುಗಿ ನೋಡಲಿಲ್ಲ.

ಅಜ್ಜಿ ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಸಾರು ಕುದಿಸಿದಳು. ಹೆಂಡತಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಬಟ್ಟಲನ್ನು ಕೈಗೆ ಕೊಟ್ಟಳು. ಆ ಹೆಂಗಸು ಹುಟ್ಟಿದ್ದೂ ಗಾಳದವರ ಮನೆಯಲ್ಲೇ. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಈ ತಿಂಗಳಲ್ಲಿ ಇದು ಹೆಂಗೆ ಕಚ್ತು?" ಎಂದು ಕೇಳಿದಳು.

"ಕಚ್ತು."

"ಅಲ್ಲಿ ಕೋಲಿತ್ತಾ?"

ಅವನು ಒಲೆಯ ಬೆಂಕಿ ಮುಂದಕ್ಕೆ ದೂಡುವವನಂತೆ ಬಗ್ಗಿದ. ಅವಳು ಬಟ್ಟಲನ್ನು ಹಿಡಿದುಕೊಂಡೇ ಇದ್ದಳು. ಸಾರಿನ ಹಬೆ ನಿಂತಿತು. ಪಕ್ಕದಲ್ಲಿ ಮಗು ದನಿಯಿಲ್ಲದೆ ಬಾಯಿ ತೆರೆಯಿತು. ಅವಳು ಬಟ್ಟಲನ್ನು ತುಟಿಗೆ ಹಚ್ಚಿ ತಳದ ತನಕ ಕುಡಿದಳು.

ಮರುದಿನ ಬೆಳಗ್ಗೆ ಹಾಲು ಇಳಿಯಿತು. ನಾಲ್ಕು ದಿನ ಕಳೆದ ಮೇಲೆ ಮಗು ಮತ್ತೆ ಹಟ್ಟಿಗೆಲ್ಲ ಕೇಳುವಂತೆ ಅತ್ತಿತು.

ಮೀನುಗಾರ ಮಾತ್ರ ಮತ್ತೆ ಗಾಳ ಮುಟ್ಟಲಿಲ್ಲ. ಬುಟ್ಟಿ ಹೆಣೆದು ಸಂಸಾರ ನಡೆಸಿದ. ಅದರಲ್ಲಿ ಅವನ ಕೈ ಅಷ್ಟಕ್ಕಷ್ಟೆ. ಅವನ ಬುಟ್ಟಿಯಲ್ಲಿ ರಾಗಿ ಹಾಕಿದರೆ ಮನೆ ಸೇರುವಾಗ ಅರ್ಧ ದಾರಿಯಲ್ಲಿರುತ್ತದೆ ಎಂದು ಹಟ್ಟಿಯವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಅಂಥ ಗಾಳದವನು ಹೀಗೇಕಾದ ಎಂದು ಯಾರಿಗೂ ತಿಳಿಯಲಿಲ್ಲ.

ಮಗನಿಗೆ ಮೀಸೆ ಮೂಡಿದ ಕಾಲಕ್ಕೆ ಒಂದು ದಿನ ಅವನು ಕೇಳಿದ: "ಅಪ್ಪ, ನೀನ್ಯಾಕೆ ಗಾಳ ಬಿಟ್ಟೆ?" ಕಣ್ಣು ಮಂಜಾಯಿತು ಎಂದೋ ಕೈ ನಡುಗುತ್ತದೆ ಎಂದೋ ಹೇಳಬಹುದಾಗಿತ್ತು. ಅಪ್ಪ ಹಾಗೆ ಹೇಳಲಿಲ್ಲ. ಅಂದು ಹೆಂಡತಿಗೆ ಕೊಡದ ಉತ್ತರವನ್ನು ಮಗನಿಗೆ ಕೊಟ್ಟ. ಕೋಲಿನಿಂದ ಹಿಡಿದು ನೀರುಕಾಗೆಯ ತನಕ ಒಂದನ್ನೂ ಬಿಡದೆ ಹೇಳಿದ. ಹೇಳಿ ಮಗನ ಮುಖ ನೋಡಿದ.

ಮಗನಿಗೆ ಧರ್ಮ ಅಧರ್ಮ ಎಂಬ ಮಾತುಗಳು ಆಗ ಹೊಸದಾಗಿ ಸಿಕ್ಕಿದ್ದವು. ಹೊಸ ಕತ್ತಿ ಸಿಕ್ಕವನಿಗೆ ಎದುರಿಗಿದ್ದುದನ್ನೆಲ್ಲ ಕಡಿಯುವ ಚಪಲ. "ಒಂದು ಜೀವಕ್ಕೆ ಸಾವಿರ ಜೀವ ಕೊಡು ಅಂತ ನಾನು ಕೇಳಿದ್ನಾ?" ಎಂದ. ಅಪ್ಪ, ಇಲ್ಲ, ನೀನು ಕೇಳಿರಲಿಲ್ಲ ಎಂದ. ಮಗ ಮೇಲುಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಟುಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಗುರುಗಳೇ, ಆಮೇಲಾದರೂ ಆ ಮಗ ಅಪ್ಪನ ಮುಖ ನೋಡಿದನೇ?"

"ನೋಡಲಿಲ್ಲಪ್ಪ, ಅಪ್ಪ ಸತ್ತ ಸುದ್ದಿ ಬಂದ ದಿನವೂ ನಾನು ಎದ್ದು ಹೋಗಲಿಲ್ಲ."