ಸೀರೆ ಉಟ್ಟವರೇ ಸಾಕಮ್ಮ

ಒಂದಾನೊಂದು ಊರಿನಲ್ಲಿ, ಹುಡುಕಿಕೊಂಡು ಹೋದವರಿಗೆ ಸಿಗದೆ ಸುಮ್ಮನೆ ಹೋಗುವವರಿಗೆ ಅಡ್ಡ ಸಿಗುವಂಥ ಊರಿನಲ್ಲಿ, ಚಿಕ್ಕಬೋರ ಅಂತ ಒಬ್ಬ ಇದ್ದ. ಅವನಿಗೆ ಸಾಕಮ್ಮ ಅಂತ ಹೆಂಡತಿ. ಒಂದು ಎಮ್ಮೆ, ಹೆಸರು ದುಂಡಿ. ಒಂದು ನಾಯಿ, ಹೆಸರು ಕೆಂಚ. ಕೋಳಿಗಳೂ ಇದ್ದವು, ಅವಕ್ಕೆ ಹೆಸರಿಲ್ಲ. ಕರೆಯದೇ ಬರುವವಕ್ಕೆ ಹೆಸರು ಯಾಕೆ ಹೇಳಿ?

ಸಾಕಮ್ಮನ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಅವಳು ತವರಿಗೆ ಹೋದಳು. ಬೆಳಗ್ಗೆ ಬೋರ ಚೊಂಬು ಹಿಡಿದು ದುಂಡಿಯ ಹತ್ತಿರ ಕೂತ.

"ಯಾರಪ್ಪ ನೀನು?" ಅಂದಿತು ಎಮ್ಮೆ.

"ನಾನು ಕಣವ್ವ, ನಿನ್ ಯಜಮಾನ."

"ಇದ್ದರೂ ಇರಬೈದು. ಆದ್ರೆ ನನ್ನ ಹಾಲು ಕರೆಯೋದು ಹಸಿರು ಸೀರೆ. ಅದನ್ನ ಕಳ್ಸು."

ನಗಬೇಡಿ. ಎಮ್ಮೆ ಸಾಕಿದವರನ್ನು ಕೇಳಿ ನೋಡಿ. ಎಮ್ಮೆ ಮುಖ ನೋಡುವುದಿಲ್ಲ, ಸೀರೆ ನೋಡುತ್ತದೆ. ಬೋರನಿಗೂ ಅದು ಗೊತ್ತಿತ್ತು. ಒಳಗೆ ಹೋಗಿ ಹೆಂಡತಿಯ ಹಸಿರು ಸೀರೆ ಸುತ್ತಿಕೊಂಡ. ಸೆರಗಿನಿಂದ ಮೀಸೆ ಮುಚ್ಚಿಕೊಂಡು ಬಂದ.

"ಬಂದ್ಯಾ ಸಾಕಮ್ಮ? ಈಗ ಯಾರೋ ಮೀಸೆಯೋನು ಬಂದಿದ್ದ" ಅಂತ ದುಂಡಿ ಚೊಂಬು ತುಂಬ ಹಾಲು ಕೊಟ್ಟಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡ ಬೋರ. ಎಲ್ಲಿ ಮುಗಿಯುತ್ತೆ! ಕೋಳಿಗಳು ಬಂದವು. "ಸಾಕಮ್ಮ, ನುಚ್ಚು." ದುಂಡಿಯ ಕರು ಕೂಗಿತು. "ಸಾಕಮ್ಮ, ನೀರು." ದುಂಡಿ ಕತ್ತು ತಿರುಗಿಸಿತು. "ಸಾಕಮ್ಮ, ಸಗಣಿ ಬಾಚು. ಸಾಕಮ್ಮ, ಹಿಂಡಿ ನೆನೆಹಾಕು. ಸಾಕಮ್ಮ, ಬೆನ್ನು ತಿಕ್ಕು. ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ." ಮಧ್ಯಾಹ್ನದ ಹೊತ್ತಿಗೆ ಬೋರನ ಸೊಂಟ ಬಿದ್ದುಹೋಯಿತು. ಬಾಯಿಗೆ ಒಂದು ತುತ್ತು ಹೋಗಿರಲಿಲ್ಲ.

ಆಗ ಕೆಂಚ ಎದ್ದು ಮೈ ಮುರಿದು ಕೇಳಿತು. "ಎಲ್ಲಾ ಸರಿ. ಬೋರ ಎಲ್ಲಿ?"

"ನಾನೇ ಕಣ್ಲಾ ಬೋರ!"

"ನೀನು ಸಾಕಮ್ಮ. ಎಮ್ಮೆ ಹಾಲು ಕೊಟ್ಟೈತೆ. ಅಯ್ಯೋ, ನನ್ನ ಯಜಮಾನ ಕಳೆದೋದ!"

ನಾಯಿ ಅಳುತ್ತಾ ನೆಟ್ಟಗೆ ರಾಜನ ಹತ್ತಿರ ಓಡಿತು. ಆ ರಾಜನಿಗೆ ಯುದ್ಧ ಗಿದ್ಧ ಏನೂ ಬೇಡ. ತಲೆ ಎಣಿಸುವುದೊಂದೇ ಹುಚ್ಚು. ದಿನಾ ಪ್ರಜೆಗಳ ತಲೆ ಎಣಿಸುತ್ತಿದ್ದ. ಲೆಕ್ಕ ಹೊಂದದೆ ಊಟಕ್ಕೆ ಕೂರುತ್ತಿರಲಿಲ್ಲ. ಒಂದು ತಲೆ ಕಮ್ಮಿ ಅಂತ ಕೇಳಿದ್ದೇ ತಡ, ಬಡಿಸಿದ್ದ ಬಸ್ಸಾರು ಬಿಟ್ಟು ಎದ್ದು ಬಂದ.

"ಬೋರ ಎಲ್ಲಿ?"

ಬೋರ ಗಾಬರಿಯಾಗಿ ಸೀರೆ ಬಿಚ್ಚಿ ಎಸೆದ. ಒಳಗೆ ಚಡ್ಡಿ ಇತ್ತು, ಪುಣ್ಯ. "ಇಲ್ಲೇ ಇದೀನಿ ಬುದ್ಧೀ!"

"ಒಳ್ಳೆಯದು. ಸಾಕಮ್ಮ ಎಲ್ಲಿ?"

"ಈಗ ತಾನೇ ಇಲ್ಲೇ ಇದ್ಲು" ಅಂದಿತು ದುಂಡಿ. "ಮಾಯ ಆಗೋದ್ಲು."

ತವರಿಗೆ ಹೋಗವ್ಳೆ ಅಂದರೆ ಯಾರೂ ನಂಬಲಿಲ್ಲ. ಬೋರ ಮತ್ತೆ ಸೀರೆ ಉಟ್ಟ. ಸಾಕಮ್ಮ ಬಂದಳು, ಬೋರ ಹೋದ. ಬಿಚ್ಚಿದ. ಬೋರ ಬಂದ, ಸಾಕಮ್ಮ ಹೋದಳು. ಕೊನೆಗೆ ಬಲಗಡೆ ಸೀರೆ, ಎಡಗಡೆ ಪಂಚೆ ಸುತ್ತಿಕೊಂಡು ನಿಂತ. ದುಂಡಿ ಬಲಗಡೆಯ ಕೈಗೆ ಮಾತ್ರ ಹಾಲು ಕೊಟ್ಟಿತು. ಕೆಂಚ ಎಡಗಾಲು ಮಾತ್ರ ನೆಕ್ಕಿತು.

"ಅರ್ಧಕ್ಕೆ ಅರ್ಧ ಸೇರಿದರೆ ಒಂದು" ಅಂದ ರಾಜ. "ಇನ್ನೂ ಒಂದು ತಲೆ ಕಮ್ಮಿ. ಲೆಕ್ಕ ತಪ್ಪಿದ ಮನೆಯ ಎಮ್ಮೆ ಅರಮನೆಗೆ ಸೇರಬೇಕು. ಹಗ್ಗ ಬಿಚ್ಚಿ!"

ಬೋರನ ಎದೆ ಒಡೆದುಹೋಯಿತು. ದುಂಡಿಯನ್ನು ಅವನು ಕೈಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ಅದರ ಕತ್ತು ತಬ್ಬಿಕೊಂಡು ಗೊಳೋ ಅಂತ ಅತ್ತ.

ಅಷ್ಟರಲ್ಲಿ ಸಾಕಮ್ಮ ಬಂದಳು. ತವರಿನವರು ಉಡಿಸಿ ಕಳಿಸಿದ ಹೊಸ ನೇರಳೆ ಸೀರೆ ಉಟ್ಟಿದ್ದಳು. ಕೆಂಚ ಬೊಗಳಿತು. ದುಂಡಿ ಹಿಂದೆ ಸರಿದು ಕೇಳಿತು. "ಇವರ‍್ಯಾರು ಸಾಕಮ್ಮ, ನಿಮ್ ನೆಂಟ್ರಾ?"

ಬಿಸಿಲಲ್ಲಿ ನಡೆದು ಬಂದವಳಿಗೆ ಸುಸ್ತಾಗಿತ್ತು. ಜಗಲಿ ಮೇಲೆ ಕುಕ್ಕರಿಸಿ ಕಾಲು ಚಾಚಿದಳು. ಚೀಲದಿಂದ ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಬೋರನನ್ನು ನೋಡಿ ಕೂಗಿದಳು.

"ಥೂ, ಅದೇನ್ ಅವತಾರ! ಕುಡಿಯಕ್ಕೆ ಒಂದ್ ಲೋಟ ನೀರು ಕೊಡೋ ಗತಿ ಇಲ್ವಾ ಈ ಮನೇಲಿ?"

ಕೆಂಚನ ಬಾಲ ಅಲ್ಲಾಡತೊಡಗಿತು. "ಜಗಲಿ ಮೇಲೆ ಕೂತೈತೆ! ಎಲೆ ಅಡಿಕೆ ಹಾಕೈತೆ! ಕೂತಲ್ಲೇ ನೀರು ಕೇಳೈತೆ! ಬುದ್ಧೀ, ಇವನೇ ನನ್ನ ಯಜಮಾನ!"

"ಸೀರೆ ಉಟ್ಟಿದ್ದಾನಲ್ಲ?" ಅಂದ ರಾಜ.

"ಹಸಿರು ಸೀರೆ ಅಲ್ವಲ್ಲ" ಅಂದಿತು ದುಂಡಿ.

ರಾಜ ಎರಡು ತಲೆ ಮುಟ್ಟಿ ಎಣಿಸಿದ. ಲೆಕ್ಕ ಹೊಂದಿತು. "ಹಗ್ಗ ಕಟ್ಟಿ. ನಾಳೆಯೂ ಬರುತ್ತೇನೆ, ಹೀಗೇ ಇರಬೇಕು. ಅದಲು ಬದಲಾದರೆ ಎಮ್ಮೆ ನನ್ನದು" ಅಂತ ಹೇಳಿ ಆರಿದ ಬಸ್ಸಾರು ಉಣ್ಣಲು ಹೊರಟುಹೋದ.

ದುಂಡಿ ಉಳಿಯಿತು. ಬೋರ ಕಣ್ಣು ಒರೆಸಿಕೊಂಡು ನಕ್ಕ. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಅವಳು ಎಲೆ ಅಗಿಯುತ್ತಾ ಸಮಾಧಾನವಾಗಿ ಕೇಳಿದಳು.

"ಸರಿ ಏಳೆ, ಇನ್ ಕಸ ಗುಡ್ಸು" ಅಂದ ಬೋರ.

"ಯಾರ್ನ ಏಳೆ ಅಂತೀಯ?" ಅಂದಳು ಸಾಕಮ್ಮ. "ರಾಜ್ರು ಏನಂದ್ರು? ಎಮ್ಮೆ ಬೇಕೋ ಬೇಡ್ವೋ?"

ಎಮ್ಮೆ ಬೇಕಿತ್ತು. ಬೋರ ಪೊರಕೆ ಹಿಡಿದ. ಒಂದು ವಾರ ಗುಡಿಸಿದ, ಬಾಚಿದ, ತಿಕ್ಕಿದ, ಕರೆದ. ಹೊತ್ತಿಗೆ ಸರಿಯಾಗಿ ಉಂಡ ದಿನವಿಲ್ಲ, ಹೇಗಿದ್ದೀಯ ಅಂತ ಕೇಳಿದವರಿಲ್ಲ. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಲಿಯ ಮುಂದೆ ಬಂದು ನಿಂತ.

"ನನ್ ಕೈಲಿ ಆಗಲ್ಲ. ನಾನೂ ನಾಲ್ಕು ದಿನ ನಮ್ ಅವ್ವನ ಮನೆಗೆ ಹೋಗ್ತೀನಿ."

ಜಗಲಿಯ ಮೇಲಿದ್ದವರು ಎಲೆಗೆ ಸುಣ್ಣ ಹಚ್ಚುತ್ತಾ ತಲೆ ಕೂಡ ಎತ್ತಲಿಲ್ಲ. "ಹೋಗೋವಂತೆ ಬುಡೆ. ಎಮ್ಮೆ ಹಾಲು ಬತ್ತಲಿ."

ಇದರ ನೀತಿ ಏನಪ್ಪಾ ಅಂದರೆ, ಹೆಂಡತಿ ತವರಿಗೆ ಹೊರಟಾಗ ಹೊಸ ಸೀರೆ ಹಸಿರೇ ತರಲು ಹೇಳಿ. ಕತೆ ಹೇಳಿದ ನನಗೆ ಒಂದು ಚೊಂಬು ಮಜ್ಜಿಗೆ, ನಗುತ್ತಾ ಕೂತ ಗಂಡಸರಿಗೆಲ್ಲ ಒಂದೊಂದು ಮಂಕರಿ ಸಗಣಿ. ಏಳಿ ಇನ್ನು.