ನೀಲಿ ಗಸಗಸೆ ಹೂವಿಗೆ ಮುಳ್ಳು ಬಂದದ್ದು

ಲೋಕ ಆಗಿನ್ನೂ ಹೊಸದು. ಹಿಮಾಲಯದ ಬಂಡೆಗಳಿಗೆ ಪಾಚಿ ಕೂಡ ಕಟ್ಟಿರಲಿಲ್ಲ. ಗಾಳಿ, ಹೊಳೆ, ಹೂವು ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು.

ಆ ಬೆಟ್ಟದಲ್ಲಿ ಲ್ಹಾಮು ಎಂಬ ಹುಡುಗಿ ಕುರಿ ಮೇಯಿಸುತ್ತಿದ್ದಳು. ತಾಯಿಯಿಲ್ಲ, ಒಡಹುಟ್ಟಿದವರಿಲ್ಲ. ಹಿಮದ ಅಂಚಿನಲ್ಲಿದ್ದ ಒಂದು ನೀಲಿ ಗಸಗಸೆ ಗಿಡವೇ ಅವಳಿಗೆ ತಂಗಿ. ನುಣುಪು ಮೈಯ ಗಿಡ. ವರ್ಷ ವರ್ಷವೂ ಹೂ ಬಿಟ್ಟು, ಮುಖವೆತ್ತಿ ಅವಳ ದಾರಿ ಕಾಯುತ್ತಿತ್ತು.

ಲ್ಹಾಮುಗೆ ಮದುವೆಯಾಯಿತು. ಗಂಡನ ಮನೆ ಬಹಳ ಕೆಳಗೆ, ಬಿಸಿಲಿನ ಕಣಿವೆಯಲ್ಲಿ. "ಬರಿಗೈಯಲ್ಲಿ ಬಂದವಳು," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ವರ್ಷ ತುಂಬುವ ಮೊದಲೇ ಲ್ಹಾಮು ಬೆಟ್ಟ ಹತ್ತಿ, ತಂಗಿಯ ಮುಂದೆ ಕುಳಿತು ಅತ್ತಳು.

"ನನ್ನ ಜೊತೆ ಬಂದುಬಿಡೇ."

"ಅಕ್ಕಾ, ನನಗೆ ಬಿಸಿಲು ತಡೆಯೋಕಾಗೋದಿಲ್ಲ."

"ನೆರಳು ಕಟ್ಟುತ್ತೇನೆ. ದಿನಾ ತಣ್ಣೀರು ಹಾಕುತ್ತೇನೆ. ಒಂದು ದಿನವೂ ತಪ್ಪಿಸೋದಿಲ್ಲ."

"ಹೋಗಬೇಡ ಮಗಳೇ," ಎಂದಿತು ಹಿಮ.

ಹೂವು ಅಕ್ಕನ ಅಳುಮುಖ ನೋಡಿತು. ಹಿಮದ ಮಾತು ಕೇಳಲಿಲ್ಲ.

ಲ್ಹಾಮು ಅದನ್ನು ಮಣ್ಣುಸಮೇತ ಕಂಬಳಿಯಲ್ಲಿ ಸುತ್ತಿ ತಂದು ಹಿತ್ತಲಲ್ಲಿ ನೆಟ್ಟಳು. ಬಿದಿರಿನ ಚಪ್ಪರ ಕಟ್ಟಿದಳು. "ಇಲ್ಲಿ ನಾನು ಬೆಚ್ಚಗಾಗಿದ್ದೇನೆ, ಮೇಲಕ್ಕೆ ಹೋಗಿ ತುಂಬಿಕೋ," ಎಂದಿತು ಹೊಳೆ. ಅವಳು ದಿನಾ ಮೇಲಕ್ಕೆ ಹೋಗಿಯೇ ತುಂಬಿಕೊಂಡು ಬಂದಳು.

ಹೂವು ಅರಳಿತು. ಊರೆಲ್ಲ ನೋಡಲು ಬಂತು. "ನಮ್ಮ ಲ್ಹಾಮು ತಂದದ್ದು," ಎಂದಳು ಅತ್ತೆ. ನಮ್ಮ ಲ್ಹಾಮು! ಆ ಮಾತನ್ನು ಅವಳು ಕೆಲಸ ಮಾಡುತ್ತಾ ಮತ್ತೆ ಮತ್ತೆ ಮನಸ್ಸಿನಲ್ಲೇ ಹೇಳಿಕೊಂಡಳು.

ಒಂದು ದಿನ ದೂರದ ನೆಂಟರು ಬಂದರು. "ಚಪ್ಪರದ ಕತ್ತಲಲ್ಲಿ ಬಣ್ಣವೇ ಕಾಣೋದಿಲ್ಲ. ಇವತ್ತೊಂದು ದಿನ ತೆಗೆದುಬಿಡಮ್ಮಾ," ಎಂದಳು ಅತ್ತೆ.

ಲ್ಹಾಮು ತೆಗೆದಳು.

"ಅಕ್ಕಾ, ಸುಡುತ್ತಿದೆ," ಎಂದಿತು ಹೂವು.

"ಸ್ವಲ್ಪ ತಡಿ, ಇವರು ಹೊರಡಲಿ."

ಗಾಳಿ ಓಡಿಬಂದು, "ಲ್ಹಾಮೂ, ಚಪ್ಪರ ಹಾಕು!" ಎಂದಿತು. ಅವಳು ಕೇಳಿಸದವಳಂತೆ ನೆಂಟರಿಗೆ ಬಡಿಸಿದಳು.

ನೆಂಟರು ಉಂಡರು, ನಕ್ಕರು, ಹೊತ್ತು ಇಳಿದ ಮೇಲೆ ಹೊರಟರು. ಲ್ಹಾಮು ಕೊಡ ಹಿಡಿದು ಓಡಿದಳು. ಗಿಡ ಸುಟ್ಟ ಚಿಂದಿಯಂತೆ ನೆಲಕ್ಕೆ ಅಂಟಿಕೊಂಡಿತ್ತು. ಎಷ್ಟು ನೀರು ಹೊಯ್ದರೂ ಏಳಲಿಲ್ಲ.

"ಅತ್ತರೆ ಬರುತ್ತದೆಯೇ? ಇನ್ನೊಂದು ತಂದರಾಯಿತು," ಎಂದಳು ಅತ್ತೆ.

ಲ್ಹಾಮು ಬೆಟ್ಟ ಹತ್ತಿದಳು. ಆದರೆ ಗಾಳಿ ಅವಳಿಗಿಂತ ಮೊದಲೇ ಅಲ್ಲಿ ಸುದ್ದಿ ಮುಟ್ಟಿಸಿತ್ತು. ನೀಲಿ ಗಸಗಸೆಗಳೆಲ್ಲ ಮೈತುಂಬ ಮುಳ್ಳು ಎಬ್ಬಿಸಿ, ತಲೆ ತಗ್ಗಿಸಿ ನಿಂತಿದ್ದವು.

"ನಾನು, ಲ್ಹಾಮು..."

ಯಾವುದೂ ಅಕ್ಕಾ ಎನ್ನಲಿಲ್ಲ. ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿತು.

"ಬೀಜ ಬೇಕಾದರೆ ಒಯ್ಯಿ," ಎಂದಿತು ಹಿಮ. "ಬದುಕಿದರೆ ನನ್ನ ಮಕ್ಕಳು ಒಮ್ಮೆ ಅರಳುತ್ತಾರೆ. ಇನ್ನೊಂದು ಸಲ ನಿನ್ನ ಮುಖ ನೋಡಲು ಇರೋದಿಲ್ಲ."

ತಲೆ ನರೆಯುವ ತನಕ ಲ್ಹಾಮು ಬೀಜ ಬಿತ್ತಿದಳು. ಒಂದೇ ಒಂದು ಗಿಡ ಹೂ ಬಿಟ್ಟಿತು. ಅದು ಒಣಗುವವರೆಗೂ ಪಕ್ಕದಲ್ಲೇ ಕುಳಿತು, "ಒಂದು ಮಾತಾಡೇ," ಎಂದು ಬೇಡಿದಳು. ಅದು ಮಾತಾಡಲಿಲ್ಲ.

ಅದಕ್ಕೇ ಮಗು, ಇಂದಿಗೂ ಬೆಟ್ಟದ ನೀಲಿ ಗಸಗಸೆ ಮೈತುಂಬ ಮುಳ್ಳು ಹೊತ್ತು ತಲೆ ತಗ್ಗಿಸಿ ನಿಲ್ಲುತ್ತದೆ, ತೋಟದಲ್ಲಿ ಎಷ್ಟೇ ಜೋಪಾನ ಮಾಡಿದರೂ ಒಂದು ಸಲ ಅರಳಿ ಸತ್ತುಹೋಗುತ್ತದೆ.