ಬಿಚ್ಚಿ ಕಟ್ಟಿದ ಗಂಟು

"ಗುರುಗಳೇ, ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅನ್ನುತ್ತಾರೆ. ಕೈಕೆಳಗಿನ ಹುಡುಗರು ಮಾಡಿದ ಕೆಲಸವನ್ನೆಲ್ಲ ನಾನೇ ಮತ್ತೆ ಮಾಡುತ್ತಿದ್ದೇನೆ. ಇದರಲ್ಲಿ ತಪ್ಪೇನು?" ಎಂದು ಶಿಷ್ಯ ಸೋಮಲಿಂಗ ಕೇಳಿದ. ಮಠದ ತೋಟದ ಉಸ್ತುವಾರಿ ಅವನದು.

ಗುರುಗಳು ನಕ್ಕರು. "ಆ ಗಾದೆ ಹೇಳಿದವನಿಗೆ ಹಳ್ಳ ದಾಟುವ ಪ್ರಸಂಗ ಬಂದಿರಲಿಕ್ಕಿಲ್ಲ. ಕೇಳು" ಎಂದರು.

ಸ್ಕೌಟ್ ಮತ್ತು ಗೈಡ್ ಮಕ್ಕಳ ದಳವೊಂದು ಸೇವೆಗೆಂದು ಕಾಡಿಗೆ ಹೋಯಿತು. ಎಲ್ಲರೂ ಹದಿನೈದು ಹದಿನಾರರ ಪ್ರಾಯದವರು. ಕಾಡಿನ ಹಾಡಿಯ ಜನ ಹಳ್ಳ ದಾಟುತ್ತಿದ್ದ ಮರದ ಸೇತುವೆ ಕೊಚ್ಚಿಹೋಗಿತ್ತು. ಅಲ್ಲಿ ಹಗ್ಗದ ಸೇತುವೆ ಕಟ್ಟುವುದು ದಳದ ಕೆಲಸ. ಗಂಟು ಹಾಕುವುದರಲ್ಲಿ ದಳದ ನಾಯಕಿಯನ್ನು ಮೀರಿಸುವವರಿರಲಿಲ್ಲ.

ನೀರು ಕಡಿಮೆಯಿದ್ದಾಗ ಎರಡೂ ದಡದ ಮರಗಳಿಗೆ ಎಲ್ಲರೂ ಹಗ್ಗ ಕಟ್ಟಿದರು. ಅವರು ಊಟಕ್ಕೆ ಕುಳಿತಾಗ ನಾಯಕಿ ಒಂದೊಂದೇ ಗಂಟನ್ನು ಬಿಚ್ಚಿ ತಾನೇ ಕಟ್ಟಿದಳು. ಅವಳ ಉದ್ದೇಶ ಒಳ್ಳೆಯದೇ. ಆದರೆ ಕೈ ಸುಮ್ಮನಿರಬೇಕಲ್ಲ.

ದಳದಲ್ಲಿ ಒಂದು ಪದ್ಧತಿಯಿತ್ತು. ಗಂಟು ಕಟ್ಟಿದವರೇ ಮೊದಲು ಸೇತುವೆ ಹತ್ತಬೇಕು. ನಾಯಕಿ ಒಬ್ಬ ಹುಡುಗನನ್ನು ಕರೆದಳು. ಅವನು ಗಂಟನ್ನು ನೋಡಿ ಹಿಂದೆ ಸರಿದ. "ಇದು ನಾನು ಕಟ್ಟಿದ್ದಲ್ಲ ಅಕ್ಕ. ಕಟ್ಟಿದವರೇ ಹತ್ತಲಿ" ಎಂದ. ಉಳಿದವರೂ ಕದಲಲಿಲ್ಲ.

ಅವಳಿಗೆ ಸಿಟ್ಟು ಬಂತು. ತಾನೇ ಹತ್ತಿ ಆಚೆ ದಡ ಸೇರಿದಳು. ಗಂಟುಗಳು ಗಟ್ಟಿಯಾಗಿಯೇ ಇದ್ದವು. ಆದರೆ ಈಚೆ ದಡದ ಮರ ಒಳಗೇ ಲಡ್ಡಾಗಿ ಕೊಳೆತಿತ್ತು. ಅವಳು ಆಚೆ ಇಳಿಯುತ್ತಲೇ ಅದು ಬುಡಸಮೇತ ವಾಲಿತು, ಹಗ್ಗ ಸಡಿಲವಾಗಿ ನೀರಿಗೆ ಬಿತ್ತು. ಮೇಲೆಲ್ಲೋ ಮಳೆಯಾಗಿ ಹಳ್ಳ ಏರುತ್ತಿತ್ತು. ಆಚೆ ಅವಳೊಬ್ಬಳೇ. ಹೇಗೆ ಕಟ್ಟಬೇಕೆಂದು ಕೂಗಿದಳು. ನೀರಿನ ಸದ್ದಿನಲ್ಲಿ ಒಂದು ಮಾತೂ ಈಚೆ ಕೇಳಿಸಲಿಲ್ಲ.

ಮಕ್ಕಳು ಸ್ವಲ್ಪ ಹೊತ್ತು ಜಗಳವಾಡಿದರು. ಆಮೇಲೆ ಒಬ್ಬಳು ಗಟ್ಟಿ ಮರ ಹುಡುಕಿದಳು. ನಾಲ್ವರು ವಾಲಿದ ಮರದಿಂದ ಹಗ್ಗ ಬಿಡಿಸಿ ಎಳೆದು ಹಿಡಿದರು. ಹಿಂದೆ ಸರಿದಿದ್ದ ಹುಡುಗನೇ ಗಂಟು ಹಾಕಿದ. ಪದ್ಧತಿಯಂತೆ ತಾನೇ ಹತ್ತಿ ನಡುನೀರಿನವರೆಗೆ ಬಂದು, ಬಾ ಎಂದು ಕೈಸನ್ನೆ ಮಾಡಿ ಹಿಂದಿರುಗಿದ.

 ಮಧ್ಯಾಹ್ನ ಅವಳು ಬಿಚ್ಚಿಹಾಕಿದ್ದು ಇದೇ ಹುಡುಗನ ಗಂಟನ್ನು. ಆದರೂ ಹಗ್ಗದ ಮೇಲೆ ಕಾಲಿಟ್ಟಳು. ಜೀವ ಕೈಯಲ್ಲಿ ಹಿಡಿದುಕೊಂಡು ದಾಟಿ ಬಂದಳು. ಬಂದವಳು ಮೊದಲು ಆ ಗಂಟಿನ ಬಳಿ ಹೋದಳು. ಗಂಟು ಸೊಟ್ಟಗಿತ್ತು, ತುದಿ ಉದ್ದವಾಗಿ ಜೋತುಬಿದ್ದಿತ್ತು. ಎಲ್ಲರೂ ಅವಳ ಕೈಯನ್ನೇ ನೋಡುತ್ತ ನಿಂತರು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ಅದನ್ನೂ ಬಿಚ್ಚಿ ಕಟ್ಟಿದಳೇ?" ಎಂದು ಸೋಮಲಿಂಗ ಕೇಳಿದ.

"ನಿನ್ನನ್ನು ದಡ ಸೇರಿಸಿದ ಗಂಟನ್ನು ಬಿಚ್ಚಲು ನಿನಗಾದರೆ ಕೈ ಬರುತ್ತದೆಯೇನಪ್ಪಾ?"